ಗ್ರಾನೈಟ್ ಮತ್ತು ಬಸಾಲ್ಟ್

ಶಿಲಾಪಾಕ ಆರಿ ಗಟ್ಟಿಯಾದಾಗ ಹುಟ್ಟುವ ಅಗ್ನಿಶಿಲೆಗಳಲ್ಲಿ ಮುಖ್ಯವಾದ ಎರಡು ಬಗೆಗಳು. ಖಂಡಗಳ ತಳಹದಿ ಬಹುಮಟ್ಟಿಗೆ ಗ್ರಾನೈಟ್ ಮತ್ತು ಅದರ ಬಳಗದ ಕಲ್ಲುಗಳಿಂದಾಗಿದೆ. ಸಾಗರಗಳ ತಳ ಬಸಾಲ್ಟಿನದು. ಗ್ರಾನೈಟ್ ತಿಳಿಬಣ್ಣದ, ಬರಿಗಣ್ಣಿಗೆ ಹರಳು ಕಾಣುವ ಕಲ್ಲು. ನೆಲದಾಳದಲ್ಲಿ ಸಾವಕಾಶವಾಗಿ ಆರಿದ್ದು. ಬಸಾಲ್ಟ್ ಕಪ್ಪು ಬಣ್ಣದ, ಸಣ್ಣ ಕಣದ ಕಲ್ಲು. ಲಾವಾ ಆಗಿ ಹೊರಗೆ ಹರಿದು ಬೇಗನೆ ಆರಿದ್ದು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ ವಿವರಣೆಗೇ ನಿಲ್ಲುತ್ತವೆ. ಅದು ತಪ್ಪಲ್ಲ, ಆದರೆ ಅರ್ಧ ಮಾತು. ಎಲ್ಲಿ ಆರಿತು ಎನ್ನುವುದಕ್ಕಿಂತ ಏನು ಕರಗಿ ಹುಟ್ಟಿತು ಎನ್ನುವುದೇ ಈ ಎರಡನ್ನು ಬೇರೆ ಮಾಡುತ್ತದೆ. ಭೂಮಿಯ ಒಳಕವಚ ಕರಗಿದಾಗ ನೇರವಾಗಿ ಸಿಗುವುದು ಬಸಾಲ್ಟ್. ಗ್ರಾನೈಟ್ ಹಾಗೆ ಸಿಗದು. ಮೊದಲೇ ಹುಟ್ಟಿದ ಕಲ್ಲು ನೀರಿನ ಸಹವಾಸದಲ್ಲಿ ಮತ್ತೆ ಕರಗಬೇಕು, ಕೆಲವೊಮ್ಮೆ ಎರಡು ಮೂರು ಸಲ.

ಈ ಎರಡನ್ನೂ ನೋಡಲು ಕರ್ನಾಟಕದವರು ದೂರ ಹೋಗಬೇಕಿಲ್ಲ. ರಾಮನಗರ, ಸಾವನದುರ್ಗ, ಹಂಪಿ, ಕೊಪ್ಪಳಗಳ ಬಂಡೆಗಳು ಗ್ರಾನೈಟ್. ಬೆಳಗಾವಿಯ ಉತ್ತರ ಭಾಗ, ವಿಜಯಪುರ, ಕಲಬುರಗಿ, ಬೀದರ್‌ಗಳ ನೆಲ ಬಸಾಲ್ಟ್. ಮೊದಲನೆಯದು ಸುಮಾರು 250 ಕೋಟಿ ವರ್ಷದ್ದು, ಎರಡನೆಯದು 6.6 ಕೋಟಿ ವರ್ಷದ್ದು. ಭೂವಿಜ್ಞಾನದ ಲೆಕ್ಕದಲ್ಲಿ ಬಸಾಲ್ಟ್ ನಿನ್ನೆ ಮೊನ್ನೆ ಬಂದ ನೆಂಟ.

ನೋಟ, ಖನಿಜ, ರಸಾಯನ

ರಾಮನಗರದ ಸುತ್ತಲಿನ ಯಾವುದಾದರೂ ಹೊಸದಾಗಿ ಒಡೆದ ಗ್ರಾನೈಟ್ ತುಂಡನ್ನು ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ನಸುಗೆಂಪು ಬಣ್ಣದ ಉದ್ದುದ್ದ ಹರಳುಗಳು. ಇವು ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್. ಕೆಲವು 2–3 ಸೆಂಟಿಮೀಟರ್ ಉದ್ದವಿರುತ್ತವೆ. ಬಿಸಿಲಿಗೆ ಹಿಡಿದು ತಿರುಗಿಸಿದರೆ ಅವುಗಳ ಮಟ್ಟಸ ಮುಖಗಳು ಒಂದು ಕೋನದಲ್ಲಿ ಫಳಕ್ಕನೆ ಹೊಳೆಯುತ್ತವೆ. ಅವುಗಳ ನಡುವೆ ಬೂದುಬಣ್ಣದ, ಗಾಜಿನಂಥ, ಇಂಥದೇ ಆಕಾರವೆಂದಿಲ್ಲದ ಕಣಗಳು ತುಂಬಿಕೊಂಡಿರುತ್ತವೆ: ಅದು ಬೆಣಚು, ಅಂದರೆ ಕ್ವಾರ್ಟ್ಜ್. ಕೊನೆಗೆ ಆರಿದ ಖನಿಜವಾದ್ದರಿಂದ ಉಳಿದ ಸಂದಿಯಲ್ಲಿ ಅದು ಜಾಗ ಮಾಡಿಕೊಂಡಿದೆ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುವ ಕಪ್ಪು ಚಕ್ಕೆಗಳು ಬಯೊಟೈಟ್ ಎಂಬ ಅಭ್ರಕ. ಹಳ್ಳಿಯ ಮಕ್ಕಳ ಬಾಯಲ್ಲಿ ಕಾಗೆಬಂಗಾರ. ಕೆಲವೆಡೆ ಕೆಂಪು ಹರಳುಗಳೆಲ್ಲ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿರುವುದನ್ನು ಕಾಣಬಹುದು. ಅರೆ ಗಟ್ಟಿಯಾದ ಶಿಲಾಪಾಕ ಹರಿಯುತ್ತಿದ್ದ ದಿಕ್ಕು ಅದು.

ವಿಜಯಪುರದ ಬಸಾಲ್ಟಿನಲ್ಲಿ ಇಂಥ ಹಬ್ಬವಿಲ್ಲ. ಒಡೆದ ಮುಖ ಒಂದೇ ಸಮನೆ ಕಪ್ಪು, ಕೆಲವೊಮ್ಮೆ ಹಸಿರು ಛಾಯೆ. ಭೂತಗನ್ನಡಿ ಹಿಡಿದರೆ ಸಣ್ಣ ಕಡ್ಡಿಗಳಂಥ ಪ್ಲೇಜಿಯೊಕ್ಲೇಸ್ ಫೆಲ್ಡ್‌ಸ್ಪಾರ್ ಕಾಣಬಹುದು. ಪೈರಾಕ್ಸೀನ್, ಆಲಿವೀನ್, ಮ್ಯಾಗ್ನೆಟೈಟ್‌ಗಳನ್ನು ಗುರುತಿಸಲು ತೆಳುವಾಗಿ ಅರೆದ ಚಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ಲಾವಾ ಪದರದ ಮೇಲ್ಭಾಗದ ಕಲ್ಲಾದರೆ ಮೈತುಂಬ ತೂತುಗಳಿರುತ್ತವೆ. ಹರಿಯುವ ಲಾವಾದಿಂದ ಹೊರಬೀಳಲು ಹವಣಿಸಿದ ಅನಿಲದ ಗುಳ್ಳೆಗಳು ಅವು. ಆಮೇಲೆ ನೀರು ಇಳಿದು ಆ ತೂತುಗಳನ್ನು ಬಿಳಿಯ ಝಿಯೊಲೈಟ್ ಹರಳುಗಳಿಂದಲೂ ಹಸಿರು ಲೇಪದಿಂದಲೂ ತುಂಬಿದೆ. ಪುಣೆ, ನಾಸಿಕಗಳ ಕಲ್ಲುಗಣಿಗಳಲ್ಲಿ ಸಿಗುವ ಝಿಯೊಲೈಟ್ ಗೊಂಚಲುಗಳಿಗೆ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಬೇಡಿಕೆಯಿದೆ.

ರಾಸಾಯನಿಕ ವಿಶ್ಲೇಷಣೆಯಲ್ಲಿ ವ್ಯತ್ಯಾಸ ಇನ್ನೂ ನಿಚ್ಚಳ. ಬಸಾಲ್ಟಿನಲ್ಲಿ ಸಿಲಿಕದ ಪಾಲು ಶೇ. 45ರಿಂದ 52, ಗ್ರಾನೈಟಿನಲ್ಲಿ ಸುಮಾರು ಶೇ. 70 ಮತ್ತು ಅದಕ್ಕೂ ಮೇಲೆ. ಕಬ್ಬಿಣ, ಮೆಗ್ನೀಶಿಯಂ, ಕ್ಯಾಲ್ಶಿಯಂ ಬಸಾಲ್ಟಿನ ಕಡೆ. ಸೋಡಿಯಂ, ಪೊಟ್ಯಾಶಿಯಂ ಗ್ರಾನೈಟಿನ ಕಡೆ. ಯುರೇನಿಯಂ, ಥೋರಿಯಂಗಳಂಥ ವಿಕಿರಣಶೀಲ ಧಾತುಗಳೂ ಗ್ರಾನೈಟಿನಲ್ಲಿ ಹೆಚ್ಚು. ಸಾಂದ್ರತೆ ಗ್ರಾನೈಟಿಗೆ ಸುಮಾರು 2.7, ಬಸಾಲ್ಟಿಗೆ 2.9ರಿಂದ 3.0. ಈ ಸಣ್ಣ ಅಂತರವೇ ಭೂಮಿಯ ನಕ್ಷೆಯನ್ನು ಬರೆದಿದೆ. ಹಗುರವಾದ ಖಂಡಗಳ ತೊಗಟೆ ಸರಾಸರಿ 35 ಕಿಲೋಮೀಟರ್ ದಪ್ಪವಿದ್ದು ಒಳಕವಚದ ಮೇಲೆ ತೇಲಿಕೊಂಡು ಎತ್ತರದಲ್ಲಿದೆ. ಸುಮಾರು 7 ಕಿಲೋಮೀಟರ್ ದಪ್ಪದ ಭಾರವಾದ ಬಸಾಲ್ಟ್ ತೊಗಟೆ ತಗ್ಗಿನಲ್ಲಿದೆ. ನೀರು ನಿಂತದ್ದು ಅಲ್ಲಿ. ಹಳತಾಗಿ ತಣ್ಣಗಾದಂತೆ ಆ ತೊಗಟೆ ಮತ್ತೆ ಕವಚದೊಳಕ್ಕೆ ಮುಳುಗುತ್ತದೆ. ಆದ್ದರಿಂದ ಇಂದಿನ ಸಾಗರತಳದ ಬಹುಪಾಲು 20 ಕೋಟಿ ವರ್ಷಕ್ಕಿಂತ ಕಿರಿಯದು. ಗ್ರಾನೈಟ್ ಮುಳುಗುವುದಿಲ್ಲ, ಆದ್ದರಿಂದಲೇ 300 ಕೋಟಿ ವರ್ಷದ ಕಲ್ಲಿನ ಮೇಲೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಸಂಜೆಯ ಗಾಳಿಗೆ ಕೂರುತ್ತಾರೆ.

ಆರುವ ಜಾಗ ಬದಲಾದರೆ ಹೆಸರೂ ಬದಲಾಗುತ್ತದೆ. ಬಸಾಲ್ಟಿನ ಪಾಕ ಆಳದಲ್ಲೇ ಉಳಿದು ನಿಧಾನವಾಗಿ ಆರಿದರೆ ಗ್ಯಾಬ್ರೊ; ಬಿರುಕುಗಳಲ್ಲಿ ಗೋಡೆಯಂತೆ ನಿಂತು ಆರಿದರೆ ಡಾಲರೈಟ್. ಗ್ರಾನೈಟಿನ ಪಾಕ ಜ್ವಾಲಾಮುಖಿಯಾಗಿ ಹೊರಬಂದರೆ ರಯೊಲೈಟ್. ಹೊರಬಂದ ಕಲ್ಲುಗಳಲ್ಲಿ ಕೆಲವೊಮ್ಮೆ ಆರು ಮೂಲೆಯ ಕಂಬಗಳು ಮೂಡುತ್ತವೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯ ಸುಮಾರು 40,000 ಬಸಾಲ್ಟ್ ಕಂಬಗಳು ಲೋಕಪ್ರಸಿದ್ಧ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಅಂಥವೇ ಕಂಬಗಳಿವೆ. ಪ್ರವಾಸಿ ಬರಹಗಳು ಅವನ್ನೂ ಬಸಾಲ್ಟ್ ಎಂದೇ ಕರೆಯುವುದು ವಾಡಿಕೆ. ಆದರೆ ಅವು ಸಿಲಿಕ ಹೆಚ್ಚಿರುವ ರಯೊಡೇಸೈಟ್ ಬಗೆಯ ಲಾವಾ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಅಂದರೆ 8.5–9 ಕೋಟಿ ವರ್ಷಗಳ ಹಿಂದಿನದು. ಕಂಬ ಮೂಡುವುದು ಲಾವಾ ಆರುತ್ತ ಕುಗ್ಗುವುದರಿಂದ. ಅದಕ್ಕೆ ಬಸಾಲ್ಟೇ ಆಗಬೇಕೆಂದಿಲ್ಲ.

ಬೆಂಕಿಯೋ ನೀರೋ

ಬಸಾಲ್ಟ್ ಬೆಂಕಿಯಿಂದ ಹುಟ್ಟಿದ್ದು ಎನ್ನುವುದೇ ಹದಿನೆಂಟನೆಯ ಶತಮಾನದಲ್ಲಿ ದೊಡ್ಡ ಜಗಳವಾಗಿತ್ತು. ಜರ್ಮನಿಯ ಫ್ರೈಬರ್ಗಿನ ಗಣಿ ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದ ಅಬ್ರಹಾಂ ವೆರ್ನರ್, ಗ್ರಾನೈಟೂ ಬಸಾಲ್ಟೂ ಆದಿಸಾಗರದ ನೀರಿನಿಂದ ತಳಕ್ಕಿಳಿದ ಮಡ್ಡಿ ಎಂದು ನಂಬಿದ್ದ. ಯೂರೋಪಿನಾದ್ಯಂತ ಅವನಿಗೆ ಶಿಷ್ಯರಿದ್ದರು. ಕವಿ ಗಯಟೆಯ ಒಲವೂ ಆ ಕಡೆಗೇ. ಆದರೆ ಫ್ರಾನ್ಸಿನ ನಿಕೊಲಾ ದೆಮಾರೆ 1763ರಲ್ಲೇ ಓವೆರ್ನ್ ಪ್ರಾಂತದಲ್ಲಿ ಬಸಾಲ್ಟ್ ಕಂಬಗಳಿರುವ ಪದರದ ಜಾಡು ಹಿಡಿದು ನಡೆದು, ಅದು ಆರಿಹೋದ ಜ್ವಾಲಾಮುಖಿಯ ಲಾವಾ ಹರಿವೆಂದು ಕಂಡುಕೊಂಡಿದ್ದ.

ಗ್ರಾನೈಟಿನ ಸರದಿ ಬಂದದ್ದು 1785ರಲ್ಲಿ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಗ್ಲೆನ್ ಟಿಲ್ಟ್ ಕಣಿವೆಯ ಹೊಳೆಯ ಪಾತ್ರದಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಕಪ್ಪು ಪದರಶಿಲೆಯನ್ನು ಸೀಳಿ ಒಳನುಗ್ಗಿರುವುದನ್ನು ನೋಡಿದ. ಸೀಳಿದ ಕಲ್ಲು ಸೀಳಿಸಿಕೊಂಡ ಕಲ್ಲಿಗಿಂತ ಕಿರಿಯದಾಗಿರಲೇಬೇಕು. ನುಗ್ಗುವಾಗ ಅದು ದ್ರವವಾಗಿಯೂ ಇದ್ದಿರಬೇಕು. ಗ್ರಾನೈಟ್ ಭೂಮಿಯ ಮೊಟ್ಟಮೊದಲ ಕಲ್ಲೆಂಬ ನಂಬಿಕೆ ಅಲ್ಲಿಗೆ ಬಿತ್ತು. ಕರಗಿದ ಕಲ್ಲು ಆರಿದರೆ ಗಾಜಾಗುತ್ತದೆಯೇ ಹೊರತು ಹರಳುಗಟ್ಟುವುದಿಲ್ಲ ಎಂದು ಎದುರಾಳಿಗಳು ತಗಾದೆ ತೆಗೆದರು. ಹಟನ್‌ನ ಗೆಳೆಯ ಸರ್ ಜೇಮ್ಸ್ ಹಾಲ್ ಬಸಾಲ್ಟ್ ಬಗೆಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ, ಬೇಗ ಆರಿಸಿದರೆ ಗಾಜು, ನಿಧಾನವಾಗಿ ಆರಿಸಿದರೆ ಹರಳು ಎಂದು 1798ರಲ್ಲಿ ತೋರಿಸಿಕೊಟ್ಟ. ಕಲ್ಲಿನ ಹುಟ್ಟನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಪರಿಪಾಠಕ್ಕೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಇದೂ ಒಂದು.

ಬಸಾಲ್ಟಿನ ಹುಟ್ಟು

ಭೂಮಿಯ ಒಳಕವಚ ಕುದಿಯುವ ಸಮುದ್ರ ಎನ್ನುವ ಕಲ್ಪನೆ ಇನ್ನೂ ಚಾಲ್ತಿಯಲ್ಲಿದೆ. ನಿಜಕ್ಕೂ ಒಳಕವಚ ಗಟ್ಟಿ ಕಲ್ಲು: ಪೆರಿಡೊಟೈಟ್ ಎಂಬ, ಆಲಿವೀನ್ ಹೆಚ್ಚಿರುವ ಹಸಿರು ಶಿಲೆ. ಅಷ್ಟು ಬಿಸಿಯಲ್ಲೂ ಕರಗದಿರುವುದು ಮೇಲಿನ ಒತ್ತಡದಿಂದ. ಆ ಕಲ್ಲು ಗಟ್ಟಿಯಾಗಿದ್ದುಕೊಂಡೇ ಅತಿ ನಿಧಾನವಾಗಿ ಮೇಲೇರಿದರೆ ಒತ್ತಡ ಇಳಿಯುತ್ತದೆ, ಬಿಸಿ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಒಂದು ಮಟ್ಟ ತಲುಪಿದಾಗ ಅದರ ಶೇ. 10–20ರಷ್ಟು ಭಾಗ ಕರಗುತ್ತದೆ. ಬೇಗ ಕರಗುವ ಅಂಶಗಳು ದ್ರವಕ್ಕೆ ಬರುತ್ತವೆ, ಹಟಮಾರಿ ಆಲಿವೀನ್ ಹಿಂದುಳಿಯುತ್ತದೆ. ಹೀಗೆ ಸೋಸಿ ಬಂದ ದ್ರವವೇ ಬಸಾಲ್ಟ್. ಹೊಸದಾಗಿ ಶಾಖ ಕೊಡುವ ಕೆಲಸ ಇಲ್ಲಿಲ್ಲ. ಒತ್ತಡ ಕಳಚಿದರೆ ಸಾಕು.

ಇದು ಎಡೆಬಿಡದೆ ನಡೆಯುವುದು ಸಾಗರಮಧ್ಯದ ಏಣುಗಳಲ್ಲಿ. ಅಲ್ಲಿ ಫಲಕಗಳು ದೂರ ಸರಿದಂತೆ ಕವಚ ಮೇಲೆದ್ದು ಕರಗಿ ಹೊಸ ಸಾಗರತಳವಾಗುತ್ತದೆ. ಭೂಮಿಯ ಮೇಲಿನ ಜ್ವಾಲಾಮುಖಿ ಚಟುವಟಿಕೆಯ ಹೆಚ್ಚಿನ ಪಾಲು ಹೀಗೆ ಯಾರ ಕಣ್ಣಿಗೂ ಬೀಳದೆ ನೀರಿನಡಿ ನಡೆದುಹೋಗುತ್ತದೆ. ಹವಾಯಿ, ಐಸ್‌ಲೆಂಡ್, ರಿಯೂನಿಯನ್‌ಗಳಲ್ಲಿ ಕವಚದ ಆಳದಿಂದ ಬಿಸಿ ಕಂಬಗಳು ಮೇಲೇಳುತ್ತವೆ. ನಮ್ಮ ದಖ್ಖಣದ ಲಾವಾ ಬಂದದ್ದು ರಿಯೂನಿಯನ್‌ನ ಬಿಸಿತಾಣದಿಂದ. ಆಗ ಭಾರತ ಅದರ ಮೇಲಿಂದ ಉತ್ತರಕ್ಕೆ ಸಾಗುತ್ತಿತ್ತು.

ಬಸಾಲ್ಟ್ ಲಾವಾ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬರುತ್ತದೆ. ಸಿಲಿಕ ಕಡಿಮೆಯಿರುವುದರಿಂದ ಅಂಟು ಕಡಿಮೆ, ಅನಿಲ ಸುಲಭವಾಗಿ ಹೊರಹೋಗುತ್ತದೆ, ಆದ್ದರಿಂದ ಸ್ಫೋಟಕ್ಕಿಂತ ಹರಿವೇ ಹೆಚ್ಚು. ಐಸ್‌ಲೆಂಡಿನ ಲಾಕಿ ಬಿರುಕು 1783ರ ಜೂನ್‌ನಲ್ಲಿ ತೆರೆದು ಎಂಟು ತಿಂಗಳಲ್ಲಿ ಸುಮಾರು 14–15 ಘನ ಕಿಲೋಮೀಟರ್ ಲಾವಾ ಕಾರಿತು. ಅದರ ವಿಷಾನಿಲದಿಂದ ಹುಲ್ಲು ಕೆಟ್ಟು ಜಾನುವಾರು ಸತ್ತವು. ಬೆನ್ನಿಗೇ ಬಂದ ಕ್ಷಾಮದಲ್ಲಿ ದ್ವೀಪದ ಜನಸಂಖ್ಯೆಯ ಐದನೆಯ ಒಂದು ಭಾಗ ಅಳಿಯಿತು. ದಖ್ಖಣದ ಮುಂದೆ ಲಾಕಿ ಏನೂ ಅಲ್ಲ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ದಖ್ಖಣದ ಬಸಾಲ್ಟ್ ಮುಚ್ಚಿಕೊಂಡಿದೆ; ಮಹಾರಾಷ್ಟ್ರದ ಪಶ್ಚಿಮಘಟ್ಟದಲ್ಲಿ ಅದರ ದಪ್ಪ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಆಂಧ್ರದ ರಾಜಮಹೇಂದ್ರಿಯ ಬಳಿ ಸಿಗುವ ಲಾವಾ ಪಶ್ಚಿಮದಿಂದ ಹಳೆಯ ನದೀಕಣಿವೆಗಳ ಹಾದಿಯಲ್ಲಿ ಸುಮಾರು 1,000 ಕಿಲೋಮೀಟರ್ ಹರಿದು ಬಂದದ್ದೆಂದು ವಿಜ್ಞಾನಿಗಳ ಅಭಿಪ್ರಾಯ. ಈ ಲಾವಾದ ಹೆಚ್ಚಿನ ಪಾಲು ಹತ್ತು ಲಕ್ಷ ವರ್ಷದೊಳಗೆ ಹೊರಬಂತು. ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಬಿಡುವಿತ್ತು ಎನ್ನುವುದಕ್ಕೆ ಪದರಗಳ ನಡುವಿನ ಕೆಂಪು ಮಣ್ಣಿನ ಪಟ್ಟಿಗಳೂ, ಕೆರೆಕಟ್ಟೆಗಳಲ್ಲಿ ಕುಳಿತ ಹೂಳಿನಲ್ಲಿರುವ ಗಿಡ, ಶಂಖ, ಮೀನುಗಳ ಪಳೆಯುಳಿಕೆಗಳೂ ಸಾಕ್ಷಿ. ಡೈನೋಸಾರ್‌ಗಳು ಅಳಿದದ್ದು ಇದೇ ಹೊತ್ತಿಗೆ. ಮೆಕ್ಸಿಕೊದ ಚಿಕ್ಸುಲುಬ್‌ನಲ್ಲಿ ಬಿದ್ದ ಕ್ಷುದ್ರಗ್ರಹವೇ ಮುಖ್ಯ ಕಾರಣವೆಂಬ ವಾದಕ್ಕೆ ಬಲ ಹೆಚ್ಚು. ದಖ್ಖಣದ ಪಾತ್ರ ಎಷ್ಟೆಂಬ ಚರ್ಚೆ ಮುಗಿದಿಲ್ಲ.

ಭಾರತದಲ್ಲಿ ಈಗ ಎಚ್ಚರವಾಗಿರುವ ಒಂದೇ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ. ಅದರ ಲಾವಾ ಕೂಡ ಬಹುಮಟ್ಟಿಗೆ ಬಸಾಲ್ಟ್ ಬಗೆಯದು, ಆದರೆ ಹುಟ್ಟುವ ರೀತಿ ಬೇರೆ. ಅಲ್ಲಿ ಮುಳುಗುತ್ತಿರುವ ಸಾಗರಫಲಕ ತನ್ನೊಳಗಿನ ನೀರನ್ನು ಕವಚಕ್ಕೆ ಬಿಡುತ್ತದೆ. ನೀರು ಸೇರಿದ ಕವಚ ಕಡಿಮೆ ಬಿಸಿಗೇ ಕರಗುತ್ತದೆ.

ಗ್ರಾನೈಟಿನ ಹುಟ್ಟು

ಗ್ರಾನೈಟ್ ಕರಗಿದ ಪಾಕವೆಂದು ಹಟನ್ ತೋರಿಸಿದ ಮೇಲೂ ಆ ಪಾಕ ಎಲ್ಲಿಂದ ಬಂತು ಎನ್ನುವ ಪ್ರಶ್ನೆ ಉಳಿಯಿತು. ಅದಕ್ಕೆ ಒಪ್ಪುವ ಉತ್ತರ ಸಿಗಲು ಹತ್ತಿರ ಹತ್ತಿರ ಇನ್ನೂರು ವರ್ಷ ಹಿಡಿಯಿತು. ವಾಷಿಂಗ್ಟನ್ನಿನ ಭೂಭೌತ ಪ್ರಯೋಗಾಲಯದಲ್ಲಿದ್ದ ನಾರ್ಮನ್ ಬೋವೆನ್ 1928ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂದವಾದ ಒಂದು ಉತ್ತರವಿತ್ತು. ಬಸಾಲ್ಟ್ ಪಾಕ ಆರುವಾಗ ಮೊದಲು ಆಲಿವೀನ್, ಆಮೇಲೆ ಪೈರಾಕ್ಸೀನ್, ಹೀಗೆ ಒಂದೊಂದೇ ಖನಿಜ ಹರಳುಗಟ್ಟಿ ತಳಕ್ಕಿಳಿಯುತ್ತದೆ. ಪ್ರತಿಸಲವೂ ಉಳಿದ ದ್ರವದಲ್ಲಿ ಸಿಲಿಕದ ಪಾಲು ಏರುತ್ತದೆ. ಕೊನೆಗೆ ಉಳಿಯುವ ಸ್ವಲ್ಪ ದ್ರವ ಗ್ರಾನೈಟಿನ ರಚನೆಯದು. ಲೆಕ್ಕ ಸರಿಯಿದೆ, ಪ್ರಯೋಗಗಳೂ ಒಪ್ಪುತ್ತವೆ. ತೊಡಕು ಪ್ರಮಾಣದ್ದು. ಹತ್ತು ಪಾಲು ಬಸಾಲ್ಟ್ ಇದ್ದರೆ ಸುಮಾರು ಒಂದು ಪಾಲು ಗ್ರಾನೈಟ್ ಸಿಕ್ಕೀತು. ಖಂಡಗಳಲ್ಲಿರುವ ಅಷ್ಟೊಂದು ಗ್ರಾನೈಟಿಗೆ ಜೊತೆಯಾಗಿ ಇರಬೇಕಾದ ಗ್ಯಾಬ್ರೊ ರಾಶಿ ಎಲ್ಲಿ?

ಲಂಡನ್ನಿನ ಹರ್ಬರ್ಟ್ ರೀಡ್ ಮತ್ತು ಸಂಗಡಿಗರು ಇನ್ನೊಂದು ತುದಿಗೆ ಹೋದರು. ಗ್ರಾನೈಟಿನ ಬಹುಪಾಲು ಕರಗಿದ್ದೇ ಅಲ್ಲ, ಹಳೆಯ ಕಲ್ಲುಗಳೇ ಆಳದಲ್ಲಿ ಬಿಸಿಯಾಗಿ, ಅಯಾನುಗಳ ಅದಲುಬದಲಿನಿಂದ ಗಟ್ಟಿ ಸ್ಥಿತಿಯಲ್ಲೇ ಗ್ರಾನೈಟಾಗಿ ಮಾರ್ಪಟ್ಟವು ಎಂದರು. ಈ ವಾದಕ್ಕೆ ಪೆಟ್ಟು ಬಿದ್ದದ್ದು 1958ರಲ್ಲಿ ಪ್ರಕಟವಾದ ಟಟಲ್ ಮತ್ತು ಬೋವೆನ್ ಪ್ರಯೋಗಗಳಿಂದ. ಅವು ಅಚ್ಚಾಗುವ ಹೊತ್ತಿಗೆ ಬೋವೆನ್ ತೀರಿಕೊಂಡಿದ್ದ. ಬೆಣಚು ಮತ್ತು ಎರಡು ಬಗೆಯ ಫೆಲ್ಡ್‌ಸ್ಪಾರ್ ಪುಡಿಯನ್ನು ನೀರಿನೊಂದಿಗೆ ಒತ್ತಡದಲ್ಲಿಟ್ಟು ಕಾಯಿಸಿದರೆ 650–700 ಡಿಗ್ರಿಯ ಸುಮಾರಿಗೇ ಕರಗಲು ತೊಡಗುತ್ತದೆ. ಮೊದಲು ಕರಗುವ ಆ ದ್ರವದ ರಚನೆ ಜಗತ್ತಿನ ನೂರಾರು ಗ್ರಾನೈಟುಗಳ ವಿಶ್ಲೇಷಣೆಗೆ ಸರಿಯಾಗಿ ಹೊಂದಿತು. ನೀರಿಲ್ಲದಿದ್ದರೆ ಇದೇ ಮಿಶ್ರಣ ಕರಗಲು 950 ಡಿಗ್ರಿ ದಾಟಬೇಕು. ಭೂತೊಗಟೆಯ ಬುಡ ಅಷ್ಟು ಬಿಸಿಯಾಗುವುದು ಅಪರೂಪ, 700 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಗ್ರಾನೈಟಿನ ಗುಟ್ಟು ನೀರು. ಅದು ಬಿಡಿ ನೀರೇ ಆಗಿರಬೇಕಿಲ್ಲ. ಅಭ್ರಕ, ಹಾರ್ನ್‌ಬ್ಲೆಂಡ್ ಹರಳುಗಳ ಒಡಲಲ್ಲಿ ಕಟ್ಟಿಹಾಕಿಕೊಂಡ ನೀರಾದರೂ ಸರಿ. 1974ರಲ್ಲಿ ಆಸ್ಟ್ರೇಲಿಯದ ಬ್ರೂಸ್ ಚಾಪೆಲ್ ಮತ್ತು ಅಲನ್ ವೈಟ್ ಗ್ರಾನೈಟುಗಳನ್ನು ಅವುಗಳ ತಾಯಿಕಲ್ಲಿನ ಪ್ರಕಾರ ವಿಂಗಡಿಸಿದರು: ಅಗ್ನಿಶಿಲೆ ಕರಗಿ ಬಂದದ್ದು ಒಂದು, ಜಲಜಶಿಲೆ ಕರಗಿ ಬಂದದ್ದು ಇನ್ನೊಂದು. ಹಳೆಯ ಜಗಳದ ಎರಡೂ ಪಕ್ಷಗಳ ಕೈಯಲ್ಲಿ ಅರ್ಧರ್ಧ ಸತ್ಯವಿತ್ತು.

ಈ ಕತೆಯ ಎಲ್ಲ ಹಂತಗಳನ್ನೂ ಒಂದೇ ನಾಡಿನಲ್ಲಿ ನೋಡಬೇಕೆಂದರೆ ಕರ್ನಾಟಕದಂಥ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಹಸಿರುಗಪ್ಪು ಬಂಡೆಗಳಿವೆ. ನೀರಿನಡಿಯಲ್ಲಿ ಉಕ್ಕಿದ ಬಸಾಲ್ಟ್ ಲಾವಾ ಹೊರಮೈ ತಟ್ಟನೆ ಆರಿ ಉಂಡೆಗಟ್ಟಿದರೆ ಈ ಆಕಾರ ಬರುತ್ತದೆ. ಹೀಗೆ ನೀರು ಹೀರಿಕೊಂಡ ಪ್ರಾಚೀನ ಬಸಾಲ್ಟ್ ತೊಗಟೆ ಆಳಕ್ಕೆ ಸೇರಿ ಅರೆಬರೆ ಕರಗಿದಾಗ ಸಿಗುವುದು ಗ್ರಾನೈಟ್ ಅಲ್ಲ, ಸೋಡಿಯಂ ಹೆಚ್ಚಿರುವ ಟೋನಲೈಟ್, ಟ್ರಾಂಡ್ಯೆಮೈಟ್ ಬಗೆಯ ಬೂದು ಕಲ್ಲು. ಆ ಕಲ್ಲು ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದದ್ದೇ ನಮ್ಮ ನೈಸ್. ಹಾಸನ ಜಿಲ್ಲೆಯ ಗೊರೂರಿನ ನೈಸ್ 330 ಕೋಟಿ ವರ್ಷಕ್ಕೂ ಹಳೆಯದು. ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟ. ಮರಡಿಹಳ್ಳಿ, ಲಾಲ್‌ಬಾಗ್ ಎರಡೂ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು.

ಮೂರನೆಯ ಹಂತ ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 252 ಕೋಟಿ ವರ್ಷಗಳ ಹಿಂದೆ ಈ ನೈಸ್ ತೊಗಟೆ ಮತ್ತೆ ಬಿಸಿಯಾಗಿ ಕರಗಿತು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ, ಸುಮಾರು 20 ಕಿಲೋಮೀಟರ್ ಅಗಲದ ಪಟ್ಟಿಯಾಗಿ ಗ್ರಾನೈಟ್ ಮೇಲೆದ್ದಿತು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರಿತ್ತು. ಊರು ಹೆಸರು ಬದಲಿಸಿಕೊಂಡರೂ ಕಲ್ಲು ಬದಲಿಸಿಕೊಂಡಿಲ್ಲ. ಈ ಗ್ರಾನೈಟಿನ ಮೇಲೆ ಮೊದಲ ಸಮಗ್ರ ಅಧ್ಯಯನ ಮಾಡಿ 1956ರಲ್ಲಿ ಪ್ರಕಟಿಸಿದವರು ಬಿ.ಪಿ. ರಾಧಾಕೃಷ್ಣ, ಮುಂದೆ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದವರೂ ಅವರೇ. 1990ರ ದಶಕದಲ್ಲಿ ಎಂ. ಜಯಾನಂದ ಮತ್ತು ಫ್ರಾನ್ಸಿನ ಎರ್ವೆ ಮಾರ್ತಾಂ ಮೊದಲಾದವರು ನಡೆಸಿದ ಅಧ್ಯಯನಗಳು ಇನ್ನೊಂದು ಸಂಗತಿ ಹೊರತಂದವು: ತೊಗಟೆಯನ್ನು ಕರಗಿಸಿದ ಶಾಖವನ್ನು ಹೊತ್ತುತಂದದ್ದು ಒಳಕವಚದಿಂದ ಎದ್ದ ಬಿಸಿ ಪಾಕ, ಮತ್ತು ಆ ಪಾಕವೂ ಗ್ರಾನೈಟಿನಲ್ಲಿ ಬೆರೆತಿದೆ. ಕೆಂಪು ಬಂಡೆಗಳಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಮಚ್ಚೆಗಳು ಪೂರ್ತಿ ಬೆರೆಯದೆ ಉಳಿದ ಅದರ ತುಣುಕುಗಳು. ಪಟ್ಟಿಯ ದಕ್ಷಿಣ ತುದಿಯಲ್ಲಿ ಗ್ರಾನೈಟ್ ಹುಟ್ಟಿದ ಬೇರಿನ ಮಟ್ಟವೂ ಉತ್ತರದ ಹಂಪಿ ಕಡೆ ಅದು ಮೇಲೇರಿ ನೆಲೆಸಿದ ಮಟ್ಟವೂ ಬಯಲಾಗಿವೆ. ಗ್ರಾನೈಟ್ ಪಾಕದ ಬುಡದಿಂದ ತಲೆಯವರೆಗೆ ನಡೆದು ನೋಡುವ ಅವಕಾಶ ಬೇರೆಡೆ ದುರ್ಲಭ. ಷೋಲೆ ಚಿತ್ರ ನೋಡಿದವರೆಲ್ಲ ಗಬ್ಬರ್ ಸಿಂಗನ ಹಿಂದೆ ರಾಮನಗರದ ಈ ಬಂಡೆಗಳನ್ನು ಕಂಡಿದ್ದಾರೆ, ಯಾರೂ ಲಕ್ಷ್ಯ ಕೊಟ್ಟಿರಲಾರರು.

ಗ್ರಾನೈಟಿನ ಪಾಕ ಬಸಾಲ್ಟ್ ಲಾವಾಕ್ಕಿಂತ ಲಕ್ಷಾಂತರ ಪಟ್ಟು ಅಂಟು. ಬಹುತೇಕ ಅದು ಮೇಲ್ಮೈ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಮುಟ್ಟಿದರೆ ಅನರ್ಥ: ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುತ್ತದೆ. ಸುಮಾತ್ರಾದ ಟೋಬಾ ಸುಮಾರು 74,000 ವರ್ಷಗಳ ಹಿಂದೆ ಹೀಗೆ ಸಿಡಿದಾಗ ಸುಮಾರು 2,800 ಘನ ಕಿಲೋಮೀಟರ್ ಪಾಕ ಹೊರಬಿತ್ತು. ಅದರ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಇಂದಿಗೂ ಬಿಳಿ ಪದರವಾಗಿ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಆ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ವರದಿ ಮಾಡಿದರು.

ಅನ್ಯಲೋಕಗಳಲ್ಲಿ

ಬಸಾಲ್ಟ್ ಎಲ್ಲೆಡೆ ಇದೆ. ಚಂದ್ರನ ಮುಖದ ಕಪ್ಪು ಕಲೆಗಳು ಬಸಾಲ್ಟ್ ಬಯಲುಗಳು. 1969ರಲ್ಲಿ ಅಪೊಲೊ–11 ತಂದ ಕಲ್ಲುಗಳಲ್ಲಿ ಅದು ಖಚಿತವಾಯಿತು. ಮಂಗಳ, ಶುಕ್ರಗಳ ಮೈಯೂ ಬಹುಮಟ್ಟಿಗೆ ಅದೇ. ಗ್ರಾನೈಟ್ ಮಾತ್ರ ಭೂಮಿಯಾಚೆ ತೀರ ವಿರಳ. ನೀರಿಲ್ಲದೆ ಗ್ರಾನೈಟಿಲ್ಲ, ಸಾಗರಗಳಿಲ್ಲದೆ ಖಂಡಗಳಿಲ್ಲ ಎನ್ನುವ ವಾದವನ್ನು 1983ರಲ್ಲಿ ಕ್ಯಾಂಬೆಲ್ ಮತ್ತು ಟೇಲರ್ ಮಂಡಿಸಿದರು. ಚಂದ್ರನ ಆಚೆ ಬದಿಯ ಕಾಂಪ್ಟನ್–ಬೆಲ್ಕೊವಿಚ್ ಎಂಬಲ್ಲಿ ನೆಲದಡಿ ಸುಮಾರು 50 ಕಿಲೋಮೀಟರ್ ಅಗಲದ ಗ್ರಾನೈಟ್ ರಾಶಿ ಇರುವ ಸೂಚನೆ 2023ರಲ್ಲಿ ಸಿಕ್ಕಿತು. ಆ ವಾದಕ್ಕೆ ಅದೊಂದು ಅಪವಾದ. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಬೆಟ್ಟಗಳ 440 ಕೋಟಿ ವರ್ಷದ ಜಿರ್ಕಾನ್ ಕಣಗಳು ವಾದದ ಪರ ನಿಲ್ಲುತ್ತವೆ: ಗ್ರಾನೈಟಿನಂಥ ಕಲ್ಲೂ ದ್ರವರೂಪದ ನೀರೂ ಭೂಮಿಯಲ್ಲಿ ಅಷ್ಟು ಬೇಗ ಜೊತೆಗೂಡಿದ್ದವೆಂದು ಅವುಗಳ ರಸಾಯನ ಹೇಳುತ್ತದೆ.

ನೆಲ, ನೀರು, ಕಟ್ಟಡ

ಗ್ರಾನೈಟ್ ಶಿಥಿಲವಾದರೆ ಬೆಣಚು ಮರಳಾಗಿ ಉಳಿದು ಕೆಂಪು ಮಸಾರಿ ಮಣ್ಣಾಗುತ್ತದೆ; ನೀರು ಬೇಗ ಬಸಿದುಹೋಗುತ್ತದೆ. ಬಸಾಲ್ಟಿನಲ್ಲಿ ಬೆಣಚೇ ಇಲ್ಲದ್ದರಿಂದ ಅದು ಜಿಗುಟಾದ ಎರೆಮಣ್ಣಾಗುತ್ತದೆ; ತೇವ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ, ಹತ್ತಿ ಬೆಳೆಸುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ರಾಗಿಯ ದಕ್ಷಿಣ, ಜೋಳದ ಉತ್ತರ ಎಂಬ ಊಟದ ಗಡಿಯಲ್ಲಿ ಮಳೆಯ ಪಾಲು ದೊಡ್ಡದು, ಕಲ್ಲಿನ ಪಾಲೂ ಸಣ್ಣದಲ್ಲ. ಬೀದರಿನಲ್ಲಿ ಬಸಾಲ್ಟಿನ ನೆತ್ತಿ ಕೊಳೆತು ಜಂಬಿಟ್ಟಿಗೆಯಾಗಿದೆ. ಅಲ್ಲಿನ ಕೋಟೆಯ ಕಂದಕವನ್ನು ಕೊರೆದಿರುವುದು ಅದರಲ್ಲೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕೊಳವೆಬಾವಿಗಳ ಫ್ಲೋರೈಡ್ ಮಾತ್ರ ಗ್ರಾನೈಟ್ ಸೀಮೆಯ ಶಾಪ. ಕಲ್ಲಿನ ಅಭ್ರಕ, ಅಪಟೈಟ್‌ಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಬಾವಿ ಆಳವಾದಷ್ಟೂ ಕಾಟ ಹೆಚ್ಚು.

ಹಂಪಿಯ ಗುಂಡುಗಳನ್ನು ಯಾರೂ ತಂದು ಪೇರಿಸಲಿಲ್ಲ, ಕಿಷ್ಕಿಂಧೆಯ ಕತೆ ಏನೇ ಹೇಳಲಿ. ಗ್ರಾನೈಟಿನಲ್ಲಿ ಅಡ್ಡಡ್ಡ ಉದ್ದುದ್ದ ಬಿರುಕುಗಳಿರುತ್ತವೆ. ನೆಲದಡಿ ನೀರು ಇಳಿದು ಮೂಲೆಗಳನ್ನು ಸವೆಸಿ ಗುಂಡಾಗಿಸುತ್ತದೆ. ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲೇ ಬಯಲಾಗುತ್ತವೆ. ಅವುಗಳ ಮೈಮೇಲೆ ಸಾಲಾಗಿ ಕೊರೆದ ಚೌಕ ಗುಂಡಿಗಳನ್ನು ಇಂದಿಗೂ ಕಾಣಬಹುದು: ವಿಜಯನಗರದ ಕಲ್ಲುಕುಟಿಗರು ಬೆಣೆ ಬಡಿದು ಚಪ್ಪಡಿ ಎಬ್ಬಿಸಿದ ಗುರುತು. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟ ನಿಂತಿರುವುದೂ ವಿಂಧ್ಯಗಿರಿಯ ಗ್ರಾನೈಟಿನಲ್ಲಿ. ಬಸಾಲ್ಟಿನ ಪಾಲಿಗೆ ರಾಷ್ಟ್ರಕೂಟರ ಎಲ್ಲೋರದ ಕೈಲಾಸ ದೇಗುಲವೂ 1656ರ ಗೋಲಗುಮ್ಮಟವೂ ಬಂದಿವೆ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲು ಈ ಎರಡೂ ಅಲ್ಲ. ಅದು ರೂಪಾಂತರ ಶಿಲೆ.

ಮಾರುಕಟ್ಟೆಯಲ್ಲಿ ಹೊಳಪು ಕೊಡಬಲ್ಲ ಗಟ್ಟಿ ಕಲ್ಲೆಲ್ಲ ಗ್ರಾನೈಟ್. ಇಳಕಲ್ಲಿನ ಕೆಂಪು ಕಲ್ಲು ನಿಜವಾದ ಗ್ರಾನೈಟ್. ಕನಕಪುರದ ಬಹುಬಣ್ಣದ್ದು ನೈಸ್. ಚಾಮರಾಜನಗರದ ಕರಿ ಗ್ರಾನೈಟ್ ಎಂದು ದುಬಾರಿ ಬೆಲೆಗೆ ಹೋಗುವುದು ಡಾಲರೈಟ್, ಅಂದರೆ ಬಸಾಲ್ಟಿನ ಒಡಹುಟ್ಟು. ಅಡುಗೆಮನೆಯ ಕಟ್ಟೆಗೆ ಕಪ್ಪು ಕಲ್ಲು ಹಾಕಿಸಿದವರು ಗ್ರಾನೈಟಿನ ಲೆಕ್ಕದಲ್ಲಿ ಬಸಾಲ್ಟಿನ ಬಂಧುವನ್ನು ಮನೆಗೆ ತಂದಿರುತ್ತಾರೆ. ಕಲ್ಲಿಗೆ ಅದರಿಂದ ನಷ್ಟವಿಲ್ಲ. ಡಾಲರೈಟ್ ನಿಂಬೆರಸ, ಎಣ್ಣೆಗಳನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ.

ದಖ್ಖಣದ ಅಡಿಯಲ್ಲೂ ಗ್ರಾನೈಟ್ ಬಳಗವೇ ಇದೆ. 1993ರ ಭೂಕಂಪದ ನಂತರ ಲಾತೂರಿನ ಕಿಲ್ಲಾರಿಯಲ್ಲಿ ಕೊರೆದಾಗ ಸುಮಾರು 340 ಮೀಟರ್ ಬಸಾಲ್ಟಿನ ಕೆಳಗೆ ಗ್ರಾನೈಟ್–ನೈಸ್ ಸಿಕ್ಕಿತು. ಕೊಯ್ನಾದಲ್ಲಿ ಅದೇ ಬುಡ ಮುಟ್ಟಲು 930 ಮೀಟರ್ ದಾಟಬೇಕಾಯಿತು. ಎರಡು ಬಗೆಯ ಪಾಕವನ್ನು ನೆಲದ ಮೇಲೇ ಒಟ್ಟಿಗೆ ನೋಡಬೇಕೆನ್ನುವವರು ಬಳ್ಳಾರಿಯ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಿಗೆ ಹೋಗಬೇಕು. ಅಲ್ಲಿ ಗ್ರಾನೈಟ್ ಬೆಟ್ಟವನ್ನು ಸೀಳಿ ಡಾಲರೈಟಿನ ಕಪ್ಪು ಗೋಡೆ ನಿಂತಿದೆ. ಹೊಸ ಶಿಲಾಯುಗದ ಜನ ವಾಸಕ್ಕೆ ಗ್ರಾನೈಟ್ ಗುಡ್ಡವನ್ನೂ ಕೊಡಲಿಗೆ ಡಾಲರೈಟನ್ನೂ ಆರಿಸಿಕೊಂಡರು. ಅದೇ ಕಪ್ಪು ಬಂಡೆಗಳ ಮೇಲೆ ಎತ್ತು, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಕಲ್ಲುಗಣಿಗಾರಿಕೆ ಈ ತಾಣಕ್ಕೆ ಈಗಾಗಲೇ ಪೆಟ್ಟು ಕೊಟ್ಟಿದೆ. ಅಲ್ಲಿ ದೊರೆತ ಕೊಡಲಿಗಳು ಬಳ್ಳಾರಿ ನಗರದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ.